ಲಾಯದಲ್ಲೇ ಅತಿ ಚಿಕ್ಕ ಲಾಳ

ಆಸ್ಪತ್ರೆಯ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಎಲ್ಲರೂ ಆಕೆಯನ್ನು ಲಾಳದಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ವಯಸ್ಸು ಐವತ್ತೇಳು. ಆಕೆಯ ಎತ್ತರದ ಬಗ್ಗೆ ಗಂಡ ದಿನಕ್ಕೊಂದು ಗೇಲಿ ಮಾಡುತ್ತಿದ್ದ, ತೋಳುಗಳ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮೂವತ್ತು ವರ್ಷ ಒದ್ದೆ ಚಾದರ ಹಿಂಡಿದ ತೋಳುಗಳು ಅವು. ಆಕೆ ಹಿಂಡಿ ಹಗ್ಗಕ್ಕೆ ಹಾಕಿದ ಮೇಲೆ ಬಿಸಿಲಿಗೆ ಹೆಚ್ಚೇನೂ ಕೆಲಸ ಇರುತ್ತಿರಲಿಲ್ಲ.

ಲಾಂಡ್ರಿಯ ಹಿಂದೆ ಕುದುರೆ ಲಾಯವಿತ್ತು. ಅಲ್ಲಿ ಲಾಳ ಹೊಡೆಯುವ ಮುದುಕ ಒಂದು ದಿನ ಗೋಡೆಯಾಚೆಯಿಂದ ಆಕೆಯ ಕೆಲಸ ನೋಡಿ, ಲಾಳವೊಂದನ್ನು ಚಾಚಿ, "ಇದನ್ನ ಹಿಂಡಮ್ಮ ನೋಡೋಣ" ಎಂದಿದ್ದ. ಅವನು ಹೇಳಿದ್ದು ತಮಾಷೆಗೆ. ಆಕೆ ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವ ಪೈಕಿಯಲ್ಲ. ಮೂರು ತಿಂಗಳು ಊಟದ ಬಿಡುವಿನಲ್ಲೆಲ್ಲ ಅವನ ಬೆನ್ನು ಬಿದ್ದು ಕಲಿತಳು. ಲಾಳದ ಎರಡು ತುದಿಗೂ ಚರ್ಮ ಸುತ್ತಬೇಕು, ಇಲ್ಲದಿದ್ದರೆ ಅಂಗೈ ಹರಿಯುತ್ತದೆ. ಒಂದು ತುದಿಯನ್ನು ಮಂಡಿಯ ಮೇಲ್ಭಾಗದಲ್ಲಿ ತೊಡೆಗೆ ಊರಿ, ಮೊಣಕೈ ಬಿಗಿಹಿಡಿದು, ಇನ್ನೊಂದು ತುದಿಯ ಮೇಲೆ ಮೈಭಾರವನ್ನೆಲ್ಲ ಹೇರಬೇಕು. ಬರೀ ಕೈಬಲ ನಂಬಿದವರು ಅಲ್ಲೇ ಸೋಲುತ್ತಾರೆ. ಕಬ್ಬಿಣ ಕೂದಲೆಳೆಯಷ್ಟು ಜಗ್ಗಿದರೂ ಪಟ್ಟು ಬಿಡದೆ ಒತ್ತಬೇಕು. ಬಾಗುವಾಗ ಅದು ಬಿಸಿಯಾಗುತ್ತದೆ, ಬಿಸಿಯಾದಾಗ ಮಾತು ಕೇಳುತ್ತದೆ ಎನ್ನುತ್ತಿದ್ದ ಮುದುಕ. ನಡುವೆ ಸುಧಾರಿಸಿಕೊಳ್ಳಲು ನಿಂತರೆ ಮತ್ತೆ ಹಟ ಹಿಡಿಯುತ್ತದೆ.

ಕೊನೆಯ ಗುಟ್ಟನ್ನು ಮುದುಕ ದನಿ ತಗ್ಗಿಸಿ ಹೇಳಿದ್ದ. "ಯಾವಾಗ್ಲೂ ದೊಡ್ಡ ಲಾಳಾನೇ ತಗೋ. ಉದ್ದ ಇದ್ರೆ ಅದು ನಿನ್ನ ಕಡೆ. ಗಿಡ್ಡ ಆದ್ರೆ ಕುದುರೆ ಕಡೆ. ಹಿಡಿಯೋಕೂ ಜಾಗ ಕೊಡಲ್ಲ, ಬಾಗೋದೂ ಇಲ್ಲ." ನೋಡುವವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಲಾಳದಮ್ಮ ಪ್ರತಿವರ್ಷ ಲಾಂಡ್ರಿಯ ವಾರ್ಷಿಕೋತ್ಸವದಲ್ಲಿ ಅಗಲವಾದ ಗಾಡಿ ಕುದುರೆಯ ಲಾಳ ಬಗ್ಗಿಸಿ, ಬಿದ್ದ ಚಪ್ಪಾಳೆಯನ್ನೆಲ್ಲ ತೆಪ್ಪಗೆ ಬಾಚಿಕೊಳ್ಳುತ್ತಿದ್ದಳು. ಗುಟ್ಟನ್ನು ಗಂಡನಿಗೂ ಹೇಳಲಿಲ್ಲ.

ಈ ವರ್ಷ ಹೊಸ ಮ್ಯಾನೇಜರ್ ಬಂದ. "ಐವತ್ತೈದು ದಾಟಿದೋರು ನೀರಲ್ಲಿ ನಿಂತು ಕೆಲಸ ಮಾಡೋ ಹಾಗಿಲ್ಲಮ್ಮ. ಮಡಿಸೋ ಕೋಣೆಗೆ ಹೋಗಿ, ಆರಾಮಾಗಿ ಕೂತ್ಕೊಳ್ಳಿ" ಎಂದ.

ಮಡಿಸುವ ಕೋಣೆಯ ಮುಖ್ಯಸ್ಥೆ ಆಕೆಯ ನಾದಿನಿ. ಮದುವೆಯ ಹೊಸದರಲ್ಲಿ ಲಾಳದಮ್ಮ ಈ ನಾದಿನಿಯ ಉಣ್ಣೆ ಶಾಲನ್ನು ಹಿಂಡಿ ಹಿಂಡಿ ಕರವಸ್ತ್ರ ಮಾಡಿಟ್ಟಿದ್ದಳು. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಈಗ ಅವಳ ಕೈಕೆಳಗೆ, ಅವಳು ತೋರಿಸಿದ ಕುರ್ಚಿಯಲ್ಲಿ ಕೂತು, ಅವಳು ಹೇಳಿದ ಅಳತೆಗೆ ದಿಂಬಿನ ಚೀಲ ಮಡಿಸುವುದೇ? ಲಾಳದಮ್ಮನಿಗೆ ಅನ್ನ ಸೇರಲಿಲ್ಲ. ಮರುದಿನವೇ ಮ್ಯಾನೇಜರನ ಮುಂದೆ ಹೋಗಿ ನಿಂತಳು.

"ನನಗೆ ಐವತ್ತೇಳಾಗಿರ್ಬಹುದು ಸಾರ್, ನನ್ನ ತೋಳಿಗೆ ಆಗಿಲ್ಲ."

"ಸರಿ, ಸೋಮವಾರ ಲಾಳ ಬಗ್ಗಿಸಿ. ಬಗ್ಗಿದ್ರೆ ಒಗೆಯೋ ತೊಟ್ಟಿ ಹತ್ರಾನೇ ಇರಿ. ಇಲ್ಲಾಂದ್ರೆ ಮಡಿಸೋ ಕೋಣೆ. ಲಾಳ ಮಾತ್ರ ನೀವು ತರಬೇಡಿ, ನಿಮ್ಮ ನಾದಿನಿ ತರಲಿ."

ಮ್ಯಾನೇಜರ್ ಒಂದೇ ವಾರದಲ್ಲಿ ಇಬ್ಬರ ಸಂಬಂಧವನ್ನು ಪೂರ್ತಿ ತಿಳಿದುಕೊಂಡಿದ್ದ. ಇವರಿಬ್ಬರು ಸೇರಿ ಮೋಸ ಮಾಡುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂಬುದು ಅವನ ಲೆಕ್ಕಾಚಾರ.

ಸೋಮವಾರ ತೊಟ್ಟಿಗಳ ಸುತ್ತ ಜನವೋ ಜನ. ನಾದಿನಿ ಬಂದು, ಚರ್ಮ ಸುತ್ತಿಕೊಡುವ ನೆಪದಲ್ಲಿ ಬಗ್ಗಿ, ಕಿವಿಯಲ್ಲಿ ಪಿಸುಗುಟ್ಟಿದಳು. "ಲಾಯದಲ್ಲೇ ಅತಿ ಚಿಕ್ಕದು ಅತ್ತಿಗೆ. ಲಾಳದ ಗುಡ್ಡೆಯೆಲ್ಲ ಕೆದಕಿ ತಂದೆ. ಒಂದು ಸಲ ಒತ್ತಿ, ಮುಗೀತು."

ಲಾಳದಮ್ಮನಿಗೆ ಮುದುಕನ ಗುಟ್ಟು ನೆನಪಾಯಿತು. ಯಾವುದೋ ಕುಳ್ಳ ಕುದುರೆಯ ಲಾಳ. ಅಂಗೈಯೊಳಗೆ ಅಡಗುವಷ್ಟು ಗಿಡ್ಡ, ದಪ್ಪ ಮಾತ್ರ ದೊಡ್ಡದರಷ್ಟೇ. ದೊಡ್ಡದು ಕೊಡಿ ಎಂದಿದ್ದರೆ ಮ್ಯಾನೇಜರ್ ಬೇಡ ಎನ್ನುತ್ತಿರಲಿಲ್ಲ. ಆದರೆ ಚಿಕ್ಕದನ್ನು ಯಾಕೆ ತಂದಿರಿ ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು, ಇಡೀ ಲಾಂಡ್ರಿಯ ಎದುರು ನಾದಿನಿ ತಲೆ ತಗ್ಗಿಸಬೇಕಾಗುತ್ತಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳು ಅತ್ತಿಗೆಯ ಪರವಾಗಿ ಒಂದು ಕೆಲಸ ಮಾಡಿದ್ದಳು, ಅದೂ ಕಳ್ಳಕೆಲಸ. ಲಾಳದಮ್ಮನಿಗೆ ಅವಳನ್ನು ಬೈಯಬೇಕೆನಿಸಿತು, ಅದೇ ಉಸಿರಿಗೆ ತಬ್ಬಿಕೊಳ್ಳಬೇಕೂ ಎನಿಸಿತು. ಲಾಳವನ್ನು ತೊಡೆಗೆ ಊರಿದಳು.

ಒತ್ತಿದಳು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ತೊಡೆಯ ಮೇಲೆ ಲಾಳದ ಅಚ್ಚು ಬಿತ್ತು. ಕಬ್ಬಿಣ ಮಾತ್ರ ಮಿಸುಕಲಿಲ್ಲ. ಇನ್ನೊಮ್ಮೆ ಹಲ್ಲು ಕಚ್ಚಿ ಒತ್ತಿದಾಗ ಚರ್ಮ ಜಾರಿ ಲಾಳ ತೊಟ್ಟಿಯೊಳಕ್ಕೆ ಹಾರಿತು, ಸಾಬೂನು ನೀರು ಮ್ಯಾನೇಜರನ ಕನ್ನಡಕಕ್ಕೆ ಚಿಮ್ಮಿತು. ಆ ದಿನ ಆಕೆಗೆ ಸಿಕ್ಕ ಸಮಾಧಾನ ಅದೊಂದೇ.

"ಇಷ್ಟೇ ಇಷ್ಟು ಲಾಳ" ಎಂದ ಅವನು ಕನ್ನಡಕ ಒರೆಸುತ್ತ. "ಸಾಕು ಬಿಡಮ್ಮ."

ಮರುದಿನ ಮಡಿಸುವ ಕೋಣೆಯಲ್ಲಿ ನಾದಿನಿ ಕಿಟಕಿ ಪಕ್ಕದ ಕುರ್ಚಿಯನ್ನು ಬಿಟ್ಟುಕೊಟ್ಟಿದ್ದಳು. ಚಾದರ ಮಡಿಸಲು ಇಬ್ಬರು ಬೇಕು, ಆ ತುದಿಗೊಬ್ಬರು ಈ ತುದಿಗೊಬ್ಬರು. ಲಾಳದಮ್ಮ ಹಳೆಯ ಅಭ್ಯಾಸದಲ್ಲಿ ತನ್ನ ತುದಿ ಎಳೆದಳು. ನಾದಿನಿ ನಿಂತಲ್ಲಿಂದ ಜಾರಿಕೊಂಡು ಬಂದು ಮೇಜಿಗೆ ತಗುಲಿ ನಿಂತಳು. ಸೊಂಟ ನೀವಿಕೊಳ್ಳುತ್ತ ಅತ್ತಿಗೆಯನ್ನೇ ನೋಡಿದಳು.

"ಇಷ್ಟು ಬಲ ಇಟ್ಕೊಂಡು ಆ ಚಿಕ್ಕ ಲಾಳ ಯಾಕೆ ಬಗ್ಗಲಿಲ್ಲ ಅತ್ತಿಗೆ?"

ಉತ್ತರ ನಾಲಿಗೆಯ ತುದಿಯವರೆಗೂ ಬಂತು. ಲಾಳದಮ್ಮ ಅದನ್ನು ನುಂಗಿಕೊಂಡಳು.

"ಕೈ ಬೆವೆತಿತ್ತು ಕಣೇ" ಎಂದಳು. "ಬಾ, ಆ ತುದಿ ಹಿಡ್ಕೋ."