ಗುರುವಾರ ಯಾರ ಅಕ್ಕನೂ ಅಲ್ಲ
ಉಗಾಂಡದ ಸೊರೋಟಿ ಕಡೆ ಓಣಿಗೊಬ್ಬಳಾದರೂ ಇಂಥ ಅಕ್ಕ ಇರುತ್ತಾಳೆ. ನಮ್ಮ ಓಣಿಯವಳ ಹೆಸರು ಅಮೊಂಗಿನ್. ತಮ್ಮ ಎಕ್ವಾರು ಕುಡಿತ ಬಿಟ್ಟಂದಿನಿಂದ ಅವಳ ಮೂಗಿಗೆ ಪೊಲೀಸ್ ಕೆಲಸ ಸಿಕ್ಕಿದೆ. ಅವನು ಹೊಸ್ತಿಲು ದಾಟುವ ಮೊದಲೇ "ಬಾಯಿ ತೆಗಿ!" ಎನ್ನುತ್ತಾಳೆ. ಅಭ್ಯಾಸಬಲದಿಂದ ಒಮ್ಮೆ ಪಾದ್ರಿಗೂ ಹಾಗೇ ಅಂದಳು. ಪಾಪ, ಅವರೂ ತೆಗೆದರು. ಮಾವಿನ ಮರದಡಿ ರಾಗಿ ಹೆಂಡದ ಮಡಕೆಗೆ ಉದ್ದುದ್ದ ಕೊಳವೆ ಇಳಿಬಿಟ್ಟು ಹೀರುವ ಗಂಡಸರು ಅವಳ ನೆರಳು ಕಂಡರೆ ಸಾಕು, ಮಳೆಬೆಳೆಯ ಮಾತಿಗಿಳಿಯುತ್ತಾರೆ. ಇಂಥವಳು ಗುರುವಾರ ಮಧ್ಯಾಹ್ನವಾಯಿತೆಂದರೆ ಫೋನ್ ಆರಿಸಿ, ಗೆಳತಿ ಅಸೆಗೆಯ ಅಂಗಳದಲ್ಲಿ ಜಡೆ ಹೆಣೆಸಿಕೊಳ್ಳಲು ಕೂತುಬಿಡುತ್ತಾಳೆ. "ಇವತ್ತು ನಾನು ಯಾರ ಅಕ್ಕನೂ ಅಲ್ಲ ಕಣೇ. ಮನೆಗೆ ಬೆಂಕಿ ಬಿದ್ರೂ ನಾಳೆ ಬಾ ಅಂತ ಹೇಳು." ನೆರೆಯವರು ಗೊಣಗುತ್ತಾರೆ: "ಎಂಥ ಕಲ್ಲು ಮನಸ್ಸಮ್ಮ ನಿಂದು! ಇವತ್ತೇ ಅವನು ಕುಡಿದ್ರೆ?" "ಕುಡಿದ್ರೆ ಕುಡೀಲಿ. ನಂಗೇ ಹುಚ್ಚು ಹಿಡಿದ್ರೆ ಅವನ ಬಾಯಿ ಮೂಸೋರು ಯಾರು, ನೀವಾ?" ಅಪ್ಪನಿಂದ ಎಕ್ವಾರುವಿಗೆ ಬಂದ ಹೆಂಡದ ಕೊಳವೆ ಇನ್ನೂ ಮನೆಯ ಸೂರಿನಲ್ಲೇ ಇತ್ತು, ಅದನ್ನು ಕಸಿಯುವುದು ತನ್ನ ಕೆಲಸವಲ್ಲ ಎಂದು ಅವಳು ಮುಟ್ಟಿರಲಿಲ್ಲ. ಮೊನ್ನೆ ಗುರುವಾರ ಅವನೇ ಅದನ್ನು ಹೆಗಲ ಮೇಲಿಟ್ಟುಕೊಂಡು ಅಸೆಗೆಯ ಅಂಗಳಕ್ಕೆ ಬಂದ. "ಅಕ್ಕಾ, ನೀನು ಮನೇಲಿ ಇಲ್ಲದಾಗ ಇದು ನನ್ನ ಹತ್ರ ಇರೋದು ಬೇಡ" ಎಂದು ಬೇಲಿಗೆ ಒರಗಿಸಿ ಹೋದ. ಅಮೊಂಗಿನ್ ತಿರುಗಿಯೂ ನೋಡಲಿಲ್ಲ. "ಎಷ್ಟು ಬಿಗಿಯಾಗಿ ಎಳೀತೀಯೇ, ಕಣ್ಣಲ್ಲಿ ನೀರು ಬರ್ತಿದೆ!" ಎಂದು ಗೆಳತಿಯನ್ನು ಬೈದಳು. ಅಸೆಗೆ ಇನ್ನೂ ಬಾಚಣಿಗೆ ಹುಡುಕುತ್ತಿದ್ದಳು.