ಎಲೆ ಎಣಿಸುವ ನಾಲಿಗೆ

ಅರಕೆರೆ ಕಡೆಯ ನಾಲೆ ಬಯಲಿನಲ್ಲಿ ಪುಟ್ಟತಾಯಮ್ಮನಷ್ಟು ಬೇಗ ವೀಳ್ಯದೆಲೆ ಎಣಿಸುವವರು ಇನ್ನೊಬ್ಬರಿರಲಿಲ್ಲ. ಎಡಗೈಯಲ್ಲಿ ಎಲೆ ಹಿಡಿದು, ಬಲಗೈ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಸರಸರ ನಾಲ್ಕೆಲೆ ಜಾರಿಸಿ, ಮತ್ತೆ ಬೆರಳು ನಾಲಿಗೆಗೆ. ನೂರು ತುಂಬಿದರೆ ಬಾಳೆನಾರಿನಲ್ಲಿ ಬಿಗಿದು ಒಂದು ಕಟ್ಟು. ಹೊತ್ತು ಮುಳುಗುವಷ್ಟರಲ್ಲಿ ನೂರು ಕಟ್ಟು. ಹತ್ತು ಸಾವಿರ ಎಲೆ, ಎರಡೂವರೆ ಸಾವಿರ ಸಲ ನೆಕ್ಕು. ಇಪ್ಪತ್ತಾರು ವರ್ಷ ಅವಳು ನೆಕ್ಕಿದ್ದು ಹೊನ್ನಪ್ಪನ ತೋಟವನ್ನು.

ಇಷ್ಟಾಗಿ ಅವಳು ಒಂದು ದಿನವೂ ಎಲೆ ಅಡಿಕೆ ಹಾಕಿದವಳಲ್ಲ. ಯಾರಾದರೂ ಕೇಳಿದರೆ, "ದಿನಾ ಬೆಳಗಾದ್ರೆ ಅದ್ರ ಮಕ ನೋಡ್ತೀನಿ, ಬಾಯ್ಗೂ ಅದನ್ನೇ ತುರುಕ್ಕೊಳ್ಳನಾ?" ಅನ್ನುತ್ತಿದ್ದಳು.

ಹೊನ್ನಪ್ಪನ ಅಪ್ಪನ ಕಾಲದಲ್ಲಿ ಎಲೆಬಳ್ಳಿಗೆ ಕೊಳೆರೋಗ ಬಂದರೆ ಮೈಲುತುತ್ತ, ಸುಣ್ಣ ಕಲೆಸಿ ಹೊಡೆಯುತ್ತಿದ್ದರು. ಎಲೆ ಮೇಲೆ ನೀಲಿ ಕಲೆ ಕಣ್ಣಿಗೆ ರಾಚುತ್ತಿತ್ತು. ಅದು ಮಳೆಗೆ ತೊಳೆದು ಹೋಗುವವರೆಗೆ ಯಾರೂ ಕುಯ್ಯುತ್ತಿರಲಿಲ್ಲ, ಕುಯ್ದರೂ ಕೊಳ್ಳುವವರಿರಲಿಲ್ಲ. ನಾಲ್ಕು ವರ್ಷದ ಕೆಳಗೆ ಹೊನ್ನಪ್ಪ ಅಂಗಡಿಯಿಂದ ಬೇರೆ ಪುಡಿ ತಂದ. ನೀಲಿ ಇಲ್ಲ, ಕಲೆ ಕಾಣುವುದಿಲ್ಲ, ಎಲೆ ಮದುಮಗಳ ಹಾಗೆ ಹೊಳೆಯುತ್ತದೆ. ಕಣ್ಣಿಗೆ ಕಾಣದ ಮೇಲೆ ಕಾಯುವುದು ಯಾಕೆ? ಮಳೆಗಾಲದಲ್ಲಿ ವಾರಕ್ಕೊಂದು ಸಲ ಹೊಡೆತ, ಮಾರನೆಯ ದಿನವೇ ಕುಯ್ಲು.

ಮೂರನೆಯ ವರ್ಷ ಪುಟ್ಟತಾಯಮ್ಮನ ನಾಲಿಗೆ ತುದಿ ಸುಲಿಯಿತು. ಆಮೇಲೆ ತುಟಿಯ ಒಳಗೆ ಹುಣ್ಣು. ಹುಳಿ, ಖಾರ ಬಿಟ್ಟಳು. ಕಡೆಗೆ ಮುದ್ದೆಯನ್ನು ಬರೀ ಮಜ್ಜಿಗೆಯಲ್ಲಿ ಅದ್ದಿ ನುಂಗುವಾಗಲೂ ಕಣ್ಣಲ್ಲಿ ನೀರು. ಹೆಬ್ಬೆರಳಿನ ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು.

ಪೇಟೆಯ ಡಾಕ್ಟರೊಬ್ಬರ ಹತ್ತಿರ ಹೋದಳು. ಅವರು ಟಾರ್ಚು ಬಿಟ್ಟು ನೋಡಿ, "ಎಲೆ ಹೊಗೆಸೊಪ್ಪು ಬಿಡಜ್ಜಿ. ಬಾಯಿ ಕೊಳೆಸ್ಕೊಂಡು ಆಮೇಲೆ ನಮ್ಮತ್ರ ಬರ್ತೀರಿ" ಅಂದರು.

"ನಾನು ಆಕಲ್ಲ ಸ್ವಾಮಿ, ಬರೀ ಎಣಿಸ್ತೀನಿ. ಅಲ್ಲು ನೋಡಿ, ಕೆಂಪಗೈತಾ?" ಅಂತ ಹಲ್ಲು ತೋರಿಸಿದಳು.

ಡಾಕ್ಟರು ಅಷ್ಟರಲ್ಲಿ ಮುಂದಿನವರನ್ನು ಕೂಗಿದ್ದರು.

ಮಾರನೆಯ ದಿನ ಅವಳು ಡಾಕ್ಟರು ಅಂದದ್ದನ್ನೂ ಹೇಳಿ ಹೊನ್ನಪ್ಪನನ್ನು ಕೇಳಿದಳು, "ಗೌಡ್ರೆ, ಬೆರಳು ಅದ್ದಕ್ಕೆ ಒಂದು ಬಟ್ಟಲಲ್ಲಿ ನೀರು ಮಡಿಕತೀನಿ. ಆ ಔಸ್ತಿ ಬಾಯ್ಗೋಗಿ ಉರಿ ಉರಿ ಅಂತದೆ."

ಹೊನ್ನಪ್ಪ ನಕ್ಕ. ಒಳಗಿನಿಂದ ಪುಡಿಯ ಪೊಟ್ಟಣ ತಂದು ಅವಳ ಮೂಗಿನ ಮುಂದೆ ಹಿಡಿದ. "ಇಲ್ನೋಡು, ಅಸ್ರು ಗುರ್ತು. ಬಿಸ್ಕತ್ ಪೊಟ್ಟಣದ ಮ್ಯಾಲೂ ಇದೇ ಇರ್ತದೆ. ಸಸ್ಯಾಹಾರ ಕಣಮ್ಮಿ! ನೀರು ಬಿದ್ರೆ ಎಲೆಗೆಲೆ ಅಂಟಿ ಲೆಕ್ಕ ತಪ್ಪುತದೆ. ನಿನ್ ಎಂಜಲಿಗೇನು ಬರ ಬಂದದಾ?"

ಜೊತೆಗೆ ಎಲೆ ಎಣಿಸುತ್ತ ಕೂತಿದ್ದ ಹೆಂಗಸರು ನಕ್ಕರು. ಪುಟ್ಟತಾಯಮ್ಮ ನಗಲಿಲ್ಲ. ಸಂಜೆ ತಿಪ್ಪೆಯಲ್ಲಿ ಬಿದ್ದಿದ್ದ ಖಾಲಿ ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಬೆಳಿಗ್ಗೆ ಬಸ್ಸು ಹತ್ತಿ ಕೃಷಿ ಇಲಾಖೆಯ ಕಚೇರಿಗೆ ಹೋದಳು. ಅಲ್ಲಿದ್ದ ಮೇಘನ ಎಂಬ ಹುಡುಗಿ ಅಧಿಕಾರಿ ಮೊದಲು ಆ ಪೊಟ್ಟಣವನ್ನು ಕೆಳಗಿಡಿಸಿ, ಸೋಪಿನಲ್ಲಿ ಕೈ ತೊಳೆಸಿದಳು. ಆಮೇಲೆ ಸಣ್ಣಕ್ಷರವನ್ನೆಲ್ಲ ಓದಿದಳು.

"ಅಮ್ಮ, ಬಿಸ್ಕತ್ತಿನ ಹಸಿರೇ ಬೇರೆ, ಇದೇ ಬೇರೆ. ವಿಷಕ್ಕೆ ನಾಲ್ಕು ಬಣ್ಣ ಇದೆ, ಕೆಂಪು ಎಲ್ಲಕ್ಕಿಂತ ಜೋರು, ಹಸಿರು ಎಲ್ಲಕ್ಕಿಂತ ಕಮ್ಮಿ. ಕಮ್ಮಿ ಅಂದ್ರೆ ಇಲ್ಲ ಅಂತಲ್ಲ. ಕೈಗೆ ಗ್ಲೌಸು ಹಾಕ್ಬೇಕು, ಬಾಯಿಗೆ ತಾಕಿಸ್ಬಾರ್ದು ಅಂತ ಬರೆದಿದೆ. ಯಾವ ಬೆಳೆಗೆ ಹೊಡೆದ್ರೆ ಕುಯ್ಯೋಕೆ ಎಷ್ಟು ದಿನ ಕಾಯ್ಬೇಕು ಅಂತಲೂ ಇದೆ. ಆಲೂಗೆಡ್ಡೆ ಇದೆ, ಟೊಮೆಟೊ ಇದೆ..."

"ಎಲೆಗೆ ಎಷ್ಟು ದಿನ?"

"ಎಲೆ ಹೆಸರೇ ಇಲ್ಲಮ್ಮ. ಇದು ವೀಳ್ಯದೆಲೆಗೆ ಹೊಡೆಯೋದೇ ಅಲ್ಲ. ಹಸಿಯಾಗೇ ಅಗಿಯೋ ಎಲೆ ಅದು. ನಿಮ್ಮ ಹುಣ್ಣು ಇದರಿಂದಲೇ ಅಂತ ನಾನು ಬರೆದುಕೊಡೋಕಾಗಲ್ಲ, ಡಾಕ್ಟರು ಹೇಳ್ಬೇಕು. ಆದ್ರೆ ನಾಳೆಯಿಂದ ನೆಕ್ಕಬೇಡಿ."

ನಾಳೆಯಿಂದ ನೆಕ್ಕಬೇಡಿ. ಹೇಳುವುದು ಸುಲಭ.

ಪುಟ್ಟತಾಯಮ್ಮ ಮಾರನೆಯ ದಿನ ಒದ್ದೆ ಬಟ್ಟೆಯ ತುಂಡನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಎಣಿಸಿದಳು. ಹೊತ್ತು ಮುಳುಗಿದಾಗ ಅರವತ್ತು ಕಟ್ಟು. ಎಲೆ ಒಯ್ಯುವ ವ್ಯಾನಿನವನು ಹಾರ್ನು ಬಡಿಯುತ್ತಿದ್ದ. ಹೊನ್ನಪ್ಪ ಕೆಂಡವಾದ.

"ಏನಮ್ಮಿ ಇದು ನಿನ್ ಸೋಕಿ?"

"ಇದು ಎಲೆಗೆ ಒಡಿಯೋ ಔಸ್ತಿನೇ ಅಲ್ವಂತೆ, ಆಪೀಸ್ನೋರು ಯೋಳವ್ರೆ."

"ಓಹೋ, ಆಪೀಸ್ಗೂ ಓಗ್ಬಂದಾ? ತೋಟ ನಂದಾ, ಆಪೀಸ್ದಾ?"

ಅವಳು ಕಟ್ಟಿನಿಂದ ಎರಡೆಲೆ ಎಳೆದಳು. ಪಕ್ಕದವಳ ಚೀಲದಿಂದ ಸುಣ್ಣ, ಅಡಿಕೆ ತೆಗೆದು ಮಡಿಚಿ ಎಲ್ಲರ ಎದುರು ಅವನ ಕಡೆ ನೀಡಿದಳು. "ಒಸಿ ಆಕ್ಕೊಳಿ ಗೌಡ್ರೆ. ಸಸ್ಯಾಹಾರ ತಾನೆ?"

ಕೊಟ್ಟ ಎಲೆ ಅಡಿಕೆಯನ್ನು ಬೇಡ ಅನ್ನುವುದು ಈ ಸೀಮೆಯಲ್ಲಿ ಮುಖಕ್ಕೆ ಉಗಿದಂತೆ. ಹೊನ್ನಪ್ಪ ದಿನಕ್ಕೆ ಇಪ್ಪತ್ತು ಸಲ ಅಗಿಯುವವನು. ಆದರೆ ಅವನ ಜೇಬಿನ ಎಲೆ ಮನೆ ಹಿತ್ತಲಿನ ನುಗ್ಗೆಮರಕ್ಕೆ ಹಬ್ಬಿಸಿದ ಬಳ್ಳಿಯದು. ಆ ಬಳ್ಳಿಗೆ ಪುಡಿ ತಾಕಿಸಕೂಡದು ಅಂತ ಆಳುಗಳಿಗೆ ಕಟ್ಟಪ್ಪಣೆ. ಇದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತು. ಒಬ್ಬರೂ ತಲೆ ಎತ್ತಲಿಲ್ಲ.

"ಮೊದ್ಲು ನೀನಾಕ್ಕೊ, ಆಮೇಲೆ ನಾನು" ಅಂದ ಹೊನ್ನಪ್ಪ.

ಬಾಯಿ ತುಂಬ ಹುಣ್ಣು. ಅದರ ಮೇಲೆ ಸುಣ್ಣ. ಪುಟ್ಟತಾಯಮ್ಮ ಬಾಯಿಗೆ ಹಾಕಿಕೊಂಡಳು. ಅಗಿದಳು. ಗಲ್ಲದ ಮೇಲೆ ಕೆಂಪು ಇಳಿಯಿತು. ಎಲೆಯ ರಸವೋ, ರಕ್ತವೋ. ನುಂಗಿ, ಇನ್ನೆರಡೆಲೆ ಮಡಿಚಿ ಮತ್ತೆ ಕೈ ಚಾಚಿದಳು.

ಹೊನ್ನಪ್ಪ ಎದ್ದು ಪಂಚೆ ಕೊಡವಿದ. "ನೋಡ್ರಮ್ಮಿ, ಇವಳು ಎಲೆ ಆಕಲ್ಲ ಅಂತಿದ್ಲು, ಎಂಗೆ ಮೇಯ್ತಾವಳೆ! ಡಾಕ್ಟ್ರು ಯೋಳಿದ್ದೇ ದಿಟ ಕಣ್ ಬುಡಿ. ನಾಳೆಯಿಂದ ಬರ್ಬೇಡ ನೀನು."

ಇಪ್ಪತ್ತಾರು ವರ್ಷದ ಲೆಕ್ಕ ಅಲ್ಲಿಗೆ ಚುಕ್ತಾ. ಹೆಂಗಸರ ಹೆಬ್ಬೆರಳುಗಳು ಮತ್ತೆ ನಾಲಿಗೆಗೆ ಹೋದವು.

ನಾಲ್ಕನೆಯ ದಿನ ಅವನೇ ಆಳು ಕಳಿಸಿದ: "ಸೊಸೆನ ಕಳ್ಸು ಅಂತವ್ರೆ ಗೌಡ್ರು. ಎಳೆ ಬೆರಳು, ಬಿರ್‌ಬಿರ್ನೆ ಎಣಿಸ್ತಾಳಂತೆ." ಸೊಸೆ ಹೇಮಶ್ರೀ ಹೋಗಲೇಬೇಕಿತ್ತು; ಮಗನಿಗೆ ಕೆಲಸ ವಾರದಲ್ಲಿ ಎರಡು ದಿನ. ಪುಟ್ಟತಾಯಮ್ಮ ಒದ್ದೆ ಬಟ್ಟೆ ಮಡಿಚಿ ಕೊಟ್ಟು, "ಸತ್ರೂ ಬಾಯ್ಗೆ ಬೆರಳು ಮಡಗಬ್ಯಾಡ" ಅಂದಳು.

ಸಂಜೆ ಸೊಸೆ ಬಂದು ಬಟ್ಟೆಯನ್ನು ತಂತಿ ಮೇಲೆ ಎಸೆದಳು. ಅದು ಒಣಗಿ ಗರಿಗರಿಯಾಗಿತ್ತು.

"ಎಷ್ಟು ಕಟ್ಟಾಯ್ತು?"

"ತೊಂಬತ್ತು."

ಪುಟ್ಟತಾಯಮ್ಮ ಕೈ ತೊಳೆಯಲು ಚೊಂಬಿನಲ್ಲಿ ನೀರು ತಂದಳು. ಹಸಿದಿದ್ದ ಹೇಮಶ್ರೀ ಕೈ ತೊಳೆಯದೆ ನೇರ ಮುದ್ದೆಗೆ ಕೈ ಹಾಕಿದಳು.