ಗೊತ್ತಿದ್ದೂ ಕಳುಹಿಸಿದೆ

ನನ್ನ ಗಂಡನಿಗೆ ಮರೆವು ಹತ್ತಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಡಾಕ್ಟರ ಮುಂದೆ ಇಲ್ಲವೆಂದೆ. ಗೊತ್ತಿದ್ದೂ ಅವರನ್ನು ಗಣಿಗೆ ಕಳುಹಿಸಿದೆ.

ಅವರು ನಂದಿದುರ್ಗವೆಂಬ ಚಿನ್ನದ ಗಣಿಯ ಬಾಯಲ್ಲಿ ಗಂಟೆ ಹೊಡೆಯುವವರು. ಆಳುಗಳು ಕೇಜಿನೊಳಗೆ, ಗಣಿಯ ಆಳಕ್ಕೆ ಇಳಿಸುವ ಕಬ್ಬಿಣದ ಪಂಜರದೊಳಗೆ, ನಿಂತ ಮೇಲೆ ಎಂಜಿನ್ ನಡೆಸುವವನಿಗೆ ಇವರು ಗಂಟೆಯಲ್ಲೇ ತಿಳಿಸಬೇಕು—ಇಳಿಸು, ನಿಲ್ಲಿಸು, ಒಳಗೆ ಜನರಿದ್ದಾರೆ—ಒಂದೊಂದಕ್ಕೂ ಬೇರೆ ಎಣಿಕೆ. ಅವನಿಗೆ ಕೇಜು ಕಾಣುವುದಿಲ್ಲ, ಗಂಟೆಯನ್ನೇ ನಂಬಿರುತ್ತಾನೆ.

ಅವರು ಪೂರ್ತಿ ನೆಟ್ಟಗಿದ್ದ ಕೊನೆಯ ದಿನ ಒಂದು ಭಾನುವಾರ, ಗಣಿಗಳನ್ನು ಸರ್ಕಾರ ವಹಿಸಿಕೊಂಡ ವರ್ಷದ ಚಳಿಗಾಲ. ಗಣಿಯವರು ಕೊಟ್ಟ ಸಾಲುಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. “ನೀನು ಸುಲಿಯೋವೊತ್ಗೆ ಯುಗಾದಿ ಬತ್ತದೆ ಕಣೇ,” ಎಂದು ನನ್ನ ಮೊರವನ್ನೂ ತಮ್ಮ ಕಡೆ ಎಳೆದುಕೊಂಡರು. ಮರುದಿನ ಬೆಳಿಗ್ಗೆ ತಲೆ ಹಿಡಿದುಕೊಂಡು ಕುಸಿದರು. ಮಿದುಳಿನಲ್ಲಿ ರಕ್ತ ಸೋರಿದೆ ಎಂದರು ಡಾಕ್ಟರು. ಬದುಕಿದ್ದೇ ಹೆಚ್ಚು. ಆದರೂ ಹಟದಿಂದ ಎದ್ದು ನಡೆದರು, ಏಳು ತಿಂಗಳಿಗೆ ಅದೇ ಕೆಲಸಕ್ಕೂ ಹೋದರು. ಡಾಕ್ಟರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, “ಈಗ ಚೆನ್ನಾಗಿದ್ದಾರೆ. ವರ್ಷಗಳಾದ ಮೇಲೂ ಬುದ್ಧಿ ಮಂಕಾಗಬಹುದು. ಮೊದಲು ಕಾಣುವುದು ನಿನಗೆ. ಬಂದು ಹೇಳಮ್ಮ,” ಎಂದಿದ್ದರು.

ಐದನೇ ವರ್ಷ ಕಂಡಿತು. ಉಂಡೆದ್ದವರು ಮತ್ತೆ ತಟ್ಟೆ ಹಾಕಿಕೊಂಡು ಕೂರುವರು. ಬಂಗಾರಪೇಟೆಯಲ್ಲಿ ರೈಲಿಳಿದು, ಬೂದಿಕೋಟೆ ಬಸ್ಸು ಯಾವ ಕಡೆ ಎಂದು ನನ್ನನ್ನು ಕೇಳಿದರು—ಅಲ್ಲೇ ಹುಟ್ಟಿ ಬೆಳೆದವರು. ಆ ಸಲ ಡಾಕ್ಟರು ವಿಚಾರಿಸಿದಾಗ, “ಏನೂ ಇಲ್ಲ ಸ್ವಾಮಿ,” ಎಂದೆ. ಕೆಲಸ ಹೋದರೆ ಗಣಿಯ ಮನೆಯನ್ನೂ ಬಿಡಬೇಕಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ.

ದಿನಾ ಬೆಳಿಗ್ಗೆ ಚೊಂಬಿನ ಮೇಲೆ ಚಮಚ ಬಡಿದು ಗಂಟೆಯ ಎಣಿಕೆ ಕೇಳತೊಡಗಿದೆ. “ನೀನ್ಯಾವಾಗ ನಂಗೆ ಮೇಸ್ತ್ರಿ ಆದೆ?” ಎಂದು ನಗುತ್ತಲೇ ಸರಿಯಾಗಿ ಹೇಳುವರು. ಒಂದು ದಿನ ಹೇಳಲಿಲ್ಲ. ಚೊಂಬನ್ನೇ ನೋಡುತ್ತ ಕೂತರು. ಎರಡು ಸಲ ಬಡಿದೆ, ಮೂರು ಸಲ ಬಡಿದೆ. ಆಮೇಲೆ—ಬುತ್ತಿ ಕಟ್ಟಿ ಕೈಗೆ ಕೊಟ್ಟೆ.

ಮುಂದಿನದು ನನಗೆ ಹೇಳಿದವನು ಪಕ್ಕದ ಮನೆಯ ಮುನಿಸ್ವಾಮಿ, ಅವತ್ತು ಅವನೂ ಕೇಜಿನಲ್ಲಿದ್ದ. ಇವರು ಗಂಟೆಯ ಹಗ್ಗ ಹಿಡಿದು ಸುಮ್ಮನೆ ನಿಂತುಬಿಟ್ಟರಂತೆ. “ಏನಣ್ಣಾ, ಬೆಳಿಗ್ಗೇನೇ ಏರಿಸ್ಕಂಡ್ ಬಂದ್ಯಾ?” ಎಂದು ಒಳಗಿನವರು ನಕ್ಕರಂತೆ. ಇವರು ಹಗ್ಗ ಬಿಟ್ಟು ಕೇಜಿನ ಬಾಗಿಲು ತೆಗೆದರು.

“ಈಚೆ ಬನ್ರಪ್ಪಾ. ನಂಗೆ ಲೆಕ್ಕ ಮರ್ತೋಗದೆ. ಇನ್ಮೇಲೆ ಈ ಕೆಲ್ಸ ನಂಗ್ ಬ್ಯಾಡ.”

ನಗುತ್ತಿರುವ ಜನರ ಮುಂದೆ ನಿಂತು ಆ ಮಾತು ಹೇಳಲು ಎಂಥ ಎದೆ ಬೇಕು! ಅವರ ತಲೆ ಅಷ್ಟು ಸೋತಿದ್ದರೂ, ಒಳಗೆ ನಿಂತ ಜೀವಗಳ ಮೇಲಿನ ಕಾಳಜಿ ಸೋತಿರಲಿಲ್ಲ. ನನ್ನ ತಲೆ ಸರಿಯಾಗಿಯೇ ಇತ್ತು. ಅವತ್ತು ಅವರು ಏನೋ ಒಂದು ಹೊಡೆದುಬಿಟ್ಟಿದ್ದರೆ—

ಮನೆಗೆ ಬಂದು, “ನಿಂಗೇನ್ ಗೊತ್ತು ಪಾಪ, ನಂಗೇ ಗೊತ್ತಾಗ್ನಿಲ್ಲ,” ಎಂದರು. ನಾನು ಬಿಚ್ಚದ ಬುತ್ತಿಯನ್ನು ಅವರ ಕೈಯಿಂದ ತೆಗೆದುಕೊಂಡು ಒಳಗೆ ಹೋದೆ.

ಮನೆ ಬಿಟ್ಟು ಬೂದಿಕೋಟೆಗೆ ಬಂದೆವು. ನನಗೆ ಗೊತ್ತಿತ್ತೆಂದು ಹೇಳುವ ಧೈರ್ಯ ಬರುವಷ್ಟರಲ್ಲಿ ವರ್ಷಗಳೇ ಕಳೆದವು. ಒಂದು ಮಧ್ಯಾಹ್ನ ಎಲ್ಲವನ್ನೂ ಹೇಳಿ, ಕಾಲು ಹಿಡಿದು ಅತ್ತೆ. ಆಗ ಅವರಿಗೆ ನನ್ನ ಗುರುತೂ ಹೋಗಿತ್ತು. ಯಾರದೋ ಮನೆಯ ಹೆಂಗಸನ್ನು ಸಮಾಧಾನ ಮಾಡುವಂತೆ ತಲೆ ಸವರಿದರು.

“ಅಳಬ್ಯಾಡಮ್ಮ. ನಿಮ್ಮ ಯಜಮಾನ್ರತ್ರ ಓಗಿ ಯೋಳ್ಬುಡು. ಒಳ್ಳೇರಾದ್ರೆ ಬೈಯಾಕಿಲ್ಲ.”

ಅವರು ತೀರಿಕೊಂಡು ಮೂರು ತಿಂಗಳಾಯಿತು. ನಾನು ಹೇಳಿದ್ದು ನನ್ನ ಗಂಡನಿಗೆ ಕೊನೆಗೂ ತಲುಪಲಿಲ್ಲ.